ಪಾಸ್‌ಪೋರ್ಟಿಗೆ ಭಂಡಾರ ಹಚ್ಚಬ್ಯಾಡ್ರಿ

“ಅಕ್ಕಾರ, ಸೆರಗ ಒಂದೀಟ ಹಿಂದ ಸರಸ್ರಿ. ಎರಡೂ ಕಿವಿ ಕಾಣಬೇಕು.”

ಸಾತವ್ವ ಸರಿಸುವುದಿಲ್ಲ. ಹಿಡಕಲ್ ಅಣೆಕಟ್ಟಿನ ಹಿನ್ನೀರಿಗೆ ಹತ್ತಿದ ತೋಟದ ಮನೆಯ ಅಂಗಳದಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಯಾರೋ ಬೈದು ಕೂಡಿಸಿದವರಂತೆ ಬಿಗಿಯಾಗಿ ಕೂತಿದ್ದಾರೆ. ಸೂರ್ಯ ಇನ್ನೂ ಹುಟ್ಟಿಲ್ಲ. ನೀರಿನ ಮೇಲಿಂದ ಬರುವ ಗಾಳಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿವೆ. ಸಾತವ್ವನ ಬೆನ್ನ ಹಿಂದಿನ ಗೋಡೆಗೆ ಬಿಳಿ ಧೋತರವೊಂದನ್ನು ಒಂದು ಸುಕ್ಕೂ ಇಲ್ಲದಂತೆ ಎಳೆದು ಕಟ್ಟಲಾಗಿದೆ. ಎದುರಿಗೆ ಮೊಬೈಲ್ ಹಿಡಿದು ನಿಂತವರು ಮಾಲಿಂಗಪ್ಪ. ತೆಗೆಯಬೇಕಾದದ್ದು ವೀಸಾ ಅರ್ಜಿಗೆ ಹಚ್ಚುವ ಫೋಟೋ.

“ತಗಿಯ ಸೆರಗ. ವಿಯೆಟ್ನಾಮದಾಗ ನಿನ್ನ ಮಾವ ಯಾರದಾರ?” ಎಂದು ಗಂಡ ಉದ್ದಪ್ಪ ನಗುತ್ತಾರೆ. ಹುಕ್ಕೇರಿಯಲ್ಲಿ ಅವರದು ಗೊಬ್ಬರದ ಅಂಗಡಿ. ಈ ಸಲ ಮಾಲು ಚೆನ್ನಾಗಿ ಮಾರಿದ್ದಕ್ಕೆ ಕಂಪನಿಯವರು ಗಂಡ ಹೆಂಡತಿ ಇಬ್ಬರನ್ನೂ ಐದು ದಿನದ ಪ್ರವಾಸಕ್ಕೆ ಕಳಿಸುತ್ತಿದ್ದಾರೆ.

“ವಿಯೆಟ್ನಾಮದಾಗ ಇಲ್ಲ, ಇಲ್ಲೇ ಕಟ್ಟಿ ಮ್ಯಾಲ ಕುಂತಾರಲ್ರಿ. ನಿಮ್ಮಪ್ಪಗೇನ ಕಣ್ಣ ಹೋಗ್ಯಾವೇನ?” ಎಂದು ಸಾತವ್ವ ಪಿಸುಗುಟ್ಟುತ್ತಾರೆ.

ಮಾಲಿಂಗಪ್ಪ ಮೊಬೈಲ್ ಕೆಳಗಿಳಿಸುತ್ತಾರೆ. ವಾದಕ್ಕೆ ನಿಲ್ಲುವ ಮನುಷ್ಯನಲ್ಲ. ಕುಂಟುತ್ತ ಕಟ್ಟೆಯ ಹತ್ತಿರ ಹೋಗಿ, “ಕಾಕಾ, ಹಿತ್ತಲದಾಗ ಎಮ್ಮಿ ಯಾಕೋ ಒದರಾಕತ್ತೈತಿ. ಮೇವ ಹಾಕ್ಯಾರೋ ಇಲ್ಲೋ ಒಂದ ಸಲ ನೋಡಿ ಬರ್ರೆಲಾ” ಅನ್ನುತ್ತಾರೆ. ಎಮ್ಮೆ ಒದರುತ್ತಿಲ್ಲ. ಅದು ಮುದುಕರಿಗೂ ಗೊತ್ತು. “ಹೌದೌದು, ಒದರಾಕತ್ತೈತಿ” ಎನ್ನುತ್ತ ಅವರು ಕೋಲು ಹಿಡಿದು ಎದ್ದು ಹೋಗುತ್ತಾರೆ. ಸೊಸೆ ಸೆರಗು ಹಿಂದಕ್ಕೆ ಸರಿಸುತ್ತಾರೆ. ಕಿವಿಯೋಲೆ ಹೊಳೆಯುತ್ತವೆ. ಅಷ್ಟರಲ್ಲೇ ಫೋಟೋ ಮುಗಿದಿದೆ.

“ಬಿಸಲ ಬಿತ್ತಂದ್ರ ಮೂಗಿನ ನೆಳ್ಳ ಗಲ್ಲದ ಮ್ಯಾಲ ಬರತೈತ್ರಿ, ಫೋಟೋ ವಾಪಸ್ ಬರತೈತಿ. ಹೊತ್ತ ಏರಿದ್ರ ಮಂದಿ ಹೊಲಕ್ಕ ಹೊಕ್ಕಾರ, ಕೈಗೆ ಸಿಗೂದಿಲ್ಲ. ಹಿಂಗಾಗಿ ನಂದು ಕೋಳಿ ಕೂಗೂ ಹೊತ್ತಿನ ಕೆಲಸ,” ಎಂದು ಮಾಲಿಂಗಪ್ಪ ಧೋತರ ಬಿಚ್ಚಿ ಮಡಚುತ್ತಾರೆ. ಆ ಧೋತರಕ್ಕೂ ಒಂದು ಕಥೆಯಿದೆ. ಒಮ್ಮೆ ಮನೆಯಲ್ಲಿ ಹೆಂಡತಿ ಶೆಟ್ಟೆವ್ವ ಪ್ರೀತಿಯಿಂದ ಅದಕ್ಕೆ ನೀಲಿ ಹಾಕಿ ಒಗೆದಿದ್ದರು. ಹಿಂದಿನ ಬಣ್ಣ ಬಿಳಿಯಲ್ಲ ಎಂದು ಅವತ್ತಿನ ಫೋಟೋಗಳೆಲ್ಲ ತಿರುಗಿ ಬಂದವು. ಈಗ ಬರೀ ಸಾಬೂನು.

ಮಾಲಿಂಗಪ್ಪನವರಿಗೆ ಐವತ್ತೈದರ ಆಸುಪಾಸು. ಮೂಡಲಗಿ ತಾಲೂಕಿನ ಮಸಗುಪ್ಪಿಯವರು. ಕುರಿ ಕಾಯುವ ಮನೆತನ. ಅಣ್ಣನ ಸಂಸಾರ, ಇವರ ಮಗ ಮಾಳು, ಎಲ್ಲರೂ ಒಂದೇ ಮನೆಯಲ್ಲಿದ್ದಾರೆ. ಹಿಂಡು ಈಗಲೂ ಇದೆ. ಇವರೂ ಕಾಲು ಗಟ್ಟಿ ಇರುವ ತನಕ ಹಿಂಡಿನ ಹಿಂದೆಯೇ ನಡೆದವರು. ಒಂದು ಮಳೆಗಾಲ ಹಳ್ಳದ ದಂಡೆ ಕುಸಿದು ಬಿದ್ದು ಮೊಣಕಾಲು ಹೋಯಿತು. ಕುಂಟುವವನಿಗಾಗಿ ಕುರಿ ನಿಂತು ಕಾಯುವುದಿಲ್ಲ. ಗೋಕಾಕದ ಬಸ್ ನಿಲ್ದಾಣದ ಹತ್ತಿರ ಪಾಸ್‌ಪೋರ್ಟ್, ವೀಸಾ, ಟಿಕೆಟ್ ಮಾಡಿಕೊಡುವ ಗಜಾನನ ಎಂಬವರ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಕಂಪ್ಯೂಟರ್ ಮುಂದೆ ಕೂರುವುದು ಗಜಾನನ. ಮೋಟಾರ್ ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಫೋಟೋ ತೆಗೆದು, ಸಹಿ ಹಾಕಿಸಿ, ಕಾಗದ ತಂದುಕೊಡುವುದು ಇವರು.

“ಇವನಂಥಾಂವ ನನಗ ಹುಡಕಿದ್ರೂ ಸಿಗತಿದ್ದಿಲ್ಲ ಬಾಯಾರ,” ಎನ್ನುತ್ತಾರೆ ಗಜಾನನ. “ಮೂರೂ ತಾಲೂಕಿನ್ಯಾಗ ಇವಂಗ ಗೊತ್ತಿಲ್ಲದ ಹೊಲ ಇಲ್ಲ. ಎಲ್ಲಾರ ಹೊಲದಾಗೂ ಕುರಿ ನಿಲ್ಲಿಸಿ ಗೊಬ್ಬರ ಕೊಟ್ಟಾನ. ಯಾರ ಮನಿ ಅಡಗಿ ಮನ್ಯಾಗ ಬೇಕಾದ್ರೂ ಹೋಗಿ ಕುಂದ್ರತಾನ.”

ಗೋಕಾಕ, ಮೂಡಲಗಿ, ಹುಕ್ಕೇರಿಯಿಂದ ಯಾರಪ್ಪಾ ವಿದೇಶ ನೋಡಲು ಹೋಗುವವರು ಎಂದು ನೀವು ಕೇಳುತ್ತೀರಿ. ನಾನೂ ಹಾಗೇ ಕೇಳಿ ಗಜಾನನ ಅವರ ನಗೆಗೆ ಗುರಿಯಾದೆ. ಗೊಬ್ಬರ, ಸಿಮೆಂಟು, ಬಣ್ಣ, ಪಂಪ್‌ಸೆಟ್ಟು, ಹೀಗೆ ಯಾವ ಕಂಪನಿ ನೋಡಿದರೂ ವರ್ಷಕ್ಕೊಮ್ಮೆ ಅಂಗಡಿಕಾರರನ್ನು ನಾಲ್ಕೈದು ದಿನ ಎಲ್ಲಿಗಾದರೂ ಕರೆದೊಯ್ಯುತ್ತದೆ. ಥಾಯ್ಲೆಂಡು, ಶ್ರೀಲಂಕಾ, ದುಬೈ. ಹೊಸದಾಗಿ ಮದುವೆಯಾದವರು ಹೋಗುತ್ತಾರೆ. ಅಲ್ಲಿ ನೆಲೆಸಿದ ಮಗಳ ಮನೆ ನೋಡಿ ಬರಲು ತಾಯಂದಿರು ಹೋಗುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಕರದಂಟು ಕಟ್ಟಿಕೊಂಡು ಜಗತ್ತು ನೋಡಿ ಬರುವ ಈ ಮಂದಿಯ ಸುದ್ದಿ ಯಾವ ಪೇಪರಿನಲ್ಲೂ ಬರುವುದಿಲ್ಲ, ಅವರನ್ನು ಕಳಿಸಿಕೊಡುವವರ ಸುದ್ದಿ ಬರುವುದಂತೂ ದೂರದ ಮಾತು.

ವೀಸಾ ನಿಯಮಗಳ ಬಗ್ಗೆ ಕೇಳಿದರೆ ಮಾಲಿಂಗಪ್ಪ ಕೈ ಮುಗಿಯುತ್ತಾರೆ. “ಒಂದೊಂದ ದೇಶದ್ದು ಒಂದೊಂದ ತಕರಾರ್ರಿ. ಒಬ್ಬರು ಮದ್ಲ ವೀಸಾ ತಗೊಂಡ ಬಾ ಅಂತಾರ, ಒಬ್ಬರು ಬಾ, ಬಂದ ಮ್ಯಾಲ ಕೊಡ್ತೀವಿ ಅಂತಾರ, ಒಬ್ಬರು ಏನೂ ಬ್ಯಾಡ ಸುಮ್ನ ಬಾ ಅಂತಾರ. ಬರೂ ತಿಂಗಳ ಅದೂ ಬದಲಿ. ಅದನ್ನೆಲ್ಲಾ ಗಜಾನನ ನೋಡ್ಕೋತಾನ. ಆದ್ರ ಎಲ್ಲಾರೂ ಕೇಳೂದು ಒಂದ ಮಾತ: ಬಂದಾಂವ ತಿರಿಗಿ ಹೊಕ್ಕಾನಿಲ್ಲೋ? ಹೋಗೂ ಟಿಕೆಟ್ ತೋರ್ಸು, ಎಲ್ಲಿ ಇಳಕೋತಿ ಹೇಳು, ಬ್ಯಾಂಕಿನ ಕಾಗದ ತೋರ್ಸು, ಪಾಸಪೋರ್ಟಿಗೆ ಇನ್ನ ಆರ ತಿಂಗಳರ ಆಯುಷ್ಯ ಇರ್ಲಿ. ನಮ್ಮ ಮಂದಿಗೆ ಸಿಟ್ಟ ಬರೂದ ಇಲ್ಲೇ. ಬೀಗರ ಮನಿಗೆ ಹೋದ್ರ ಬಾಗಲದಾಗ ನಿಲ್ಲಿಸಿ, ಯಾವಾಗ ಹೊಕ್ಕೀ ಅಂತ ಯಾರರ ಕೇಳ್ತಾರೇನ್ರಿ?”

ಇಷ್ಟೇ ಆಗಿದ್ದರೆ ಇವರ ಬಗ್ಗೆ ಪೇಪರಿಗೆ ಬರೆಯಲು ನಾನು ಇಷ್ಟು ದೂರ ಬರುತ್ತಿರಲಿಲ್ಲ. ಇವರು ಮಾಡುವ ಇನ್ನೊಂದು ಕೆಲಸವಿದೆ. ಅದನ್ನು ಮಾಡು ಎಂದು ಯಾರೂ ಹೇಳಿಲ್ಲ, ಅದಕ್ಕೆ ಪಗಾರವೂ ಇಲ್ಲ.

ಹಿಡಕಲ್‌ನ ಆ ಅಂಗಳದಲ್ಲಿ ಚಹಾ ಕುಡಿದು ಏಳುವಾಗ ಮಾಲಿಂಗಪ್ಪ ಚೀಲದಿಂದ ಎರಡು ಝೆರಾಕ್ಸ್ ಹಾಳೆ ತೆಗೆದು ಸಾತವ್ವನ ಕೈಗೆ ಕೊಡುತ್ತಾರೆ. ಗಂಡ ಹೆಂಡತಿಯ ಪಾಸ್‌ಪೋರ್ಟಿನ ಫೋಟೋ ಪುಟದ ನಕಲು ಅವು.

“ಹೋಗೂ ದಿನ ಪೂಜಿ ಮಾಡ್ತೀರಲ್ಲ ಅಕ್ಕಾರ, ಇವಕ್ಕ ಮಾಡ್ರಿ. ಭಂಡಾರ, ಕುಂಕಮ, ಎಣ್ಣಿ, ಕಾಯಿ ನೀರ, ಏನ ಬೇಕಾದ್ದ ಹಾಕ್ರಿ. ಖರೇ ಪಾಸಪೋರ್ಟಿಗೆ ಭಂಡಾರ ಹಚ್ಚಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ, ಹಚ್ಚಬ್ಯಾಡ್ರಿ.”

ಭಂಡಾರವೆಂದರೆ ದೇವರ ಅರಿಷಿಣ ಪುಡಿ. ಈ ಕಡೆಯ ಮನೆಗಳಲ್ಲಿ ಹೊಸದೇನೇ ಬರಲಿ, ಟ್ರ್ಯಾಕ್ಟರಿರಲಿ, ಮಗಳ ಪರೀಕ್ಷೆಯ ಹಾಲ್ ಟಿಕೆಟ್ ಇರಲಿ, ದೇವರ ಜಗಲಿಯ ಭಂಡಾರ ಹಚ್ಚದೆ ಮುಟ್ಟುವುದಿಲ್ಲ. ದೂರ ಹೊರಟವರ ಹಣೆಗಂತೂ ಬೇಕೇ ಬೇಕು.

“ಝೆರಾಕ್ಸಿಗೆ ಪೂಜಿ ಮಾಡಿದ್ರ ದೇವರಿಗೆ ಮುಟ್ಟತೈತೇನ ಮಾಲಿಂಗಣ್ಣಾ?” ಸಾತವ್ವ ಬಾಯಿಗೆ ಸೆರಗು ಹಿಡಿದು ನಗುತ್ತಾರೆ.

“ದೇವರಿಗೆ ಝೆರಾಕ್ಸೂ ಒಂದ, ಖರೇದೂ ಒಂದ. ಕೌಂಟರಿನ್ಯಾಗ ಕುಂತಾಂವಗ ಒಂದಲ್ರಿ.”

ಎಲ್ಲರೂ ನಗುತ್ತಾರೆ, ಮಾಲಿಂಗಪ್ಪ ಒಬ್ಬರನ್ನು ಬಿಟ್ಟು. ಆಗಲೇ ನಾನು ಗಮನಿಸಿದ್ದು: ಅವರ ಮನೆತನದ ಗಂಡಸರು ಹಣೆ ತುಂಬ ಭಂಡಾರವಿಲ್ಲದೆ ಹೊಸ್ತಿಲು ದಾಟುವುದಿಲ್ಲ. ಇವರ ಹಣೆ ಮಾತ್ರ ಖಾಲಿ. ಯಾಕೆ ಎಂದು ಕೇಳಿದೆ. ಅವರು ಗಾಡಿಗೆ ಒದ್ದು, “ಗಜಾನನ ದಾರಿ ನೋಡಾಕತ್ತಿರಬೇಕ್ರಿ” ಎಂದರು.

ಯಾರೇ ಇರಲಿ, ಹೊರಡುವ ದಿನ ಬೆಳಗಾಗುವ ಮೊದಲೇ ಇವರು ಅವರ ಮನೆಗೆ ಮತ್ತೆ ಹೋಗುತ್ತಾರೆ ಎಂದು ತಿಳಿದದ್ದು ಗಜಾನನರಿಂದ. ಪಾಸ್‌ಪೋರ್ಟ್ ಬಿಚ್ಚಿ, ಫೋಟೋ ಪುಟದ ಮೇಲೆ ಹೆಬ್ಬೆರಳಾಡಿಸಿ, ಒದ್ದೆಯಿಲ್ಲ, ಕಲೆಯಿಲ್ಲ ಎಂದು ನೋಡಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ತಾವೇ ಅವರ ಬಗಲಿನ ಚೀಲಕ್ಕೆ ಇಟ್ಟು ಬರುತ್ತಾರೆ. “ನಾ ಕಳಸೂದಿಲ್ರಿ. ವೀಸಾ ಬಂತಂದ್ರ ನನ್ನ ಕೆಲಸ ಮುಗೀತು. ಇವ ತನ್ನ ಪೆಟ್ರೋಲ್ ಸುಟ್ಕೊಂಡ ಹೊಕ್ಕಾನ. ಬ್ಯಾಡೋ ಅಂದ್ರ ಅಳಾಕ ಬರತಾನ,” ಎಂದು ಗಜಾನನ ದನಿ ತಗ್ಗಿಸಿದರು. “ಅವನ ಮನ್ಯಾಗ ಆಗಬಾರದ್ದ ಆಗೇತಿ. ಅವನ್ನ ಕೇಳ್ರಿ. ನಾ ಹೇಳಬಾರ್ದು.”

ಅಂಗಡಿಯ ಬಾಜೂ ಚಹಾದ ಗೂಡಂಗಡಿಯ ಬಾಕಿನ ಮೇಲೆ ಕೂತು ಮಾಲಿಂಗಪ್ಪ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ರಸ್ತೆಯಾಚೆ ನಿಂತ ಬಸ್ಸುಗಳನ್ನೇ ನೋಡುತ್ತಿದ್ದರು.

ಮಗಳು ದೀಪಾಳನ್ನು ಕೊಟ್ಟದ್ದು ಬಾಳೇಶ ಎಂಬ ಹುಡುಗನಿಗೆ. ಒಳ್ಳೆಯವನು. ಮಸ್ಕತ್‌ನಲ್ಲಿ ಎಲೆಕ್ಟ್ರಿಷಿಯನ್. ಮದುವೆಯಾದ ಮೇಲೆ ಅವಳನ್ನೂ ಕರೆದುಕೊಂಡು ಹೋದ. ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ಕೇಳಬೇಕಾದ ಮಾತೇ ಅಲ್ಲ. ಆದರೆ ಏಳನೆಯ ತಿಂಗಳಲ್ಲಿ ರಕ್ತದೊತ್ತಡ ಏರಿ, ವಿಮಾನ ಹತ್ತಲೇಬಾರದು ಎಂದು ಅಲ್ಲಿನ ಡಾಕ್ಟರು ಹೇಳಿಬಿಟ್ಟರು. ಮಗಳು ಬರಲಾಗದಿದ್ದರೆ ಏನಾಯಿತು, ತಾಯಿಯೇ ಹೋಗಲಿ ಎಂದಾಯಿತು. ಊರಿನ ಮಂದಿಯ ಕಾಗದ ಮಾಡುವ ಮಾಲಿಂಗಪ್ಪ ತನ್ನ ಹೆಂಡತಿಯ ಕಾಗದ ಮಾಡಿಸಿದರು. ಪಾಸ್‌ಪೋರ್ಟ್, ಒಂದು ತಿಂಗಳ ಪ್ರವಾಸಿ ವೀಸಾ, ಹೋಗಿ ಬರುವ ಟಿಕೆಟ್, ಅಳಿಯನ ಮನೆಯ ವಿಳಾಸ. ಯಾವುದರಲ್ಲೂ ಒಂದು ಚುಕ್ಕೆ ತಪ್ಪಿರಲಿಲ್ಲ.

“ಪಾಸಪೋರ್ಟ್ ಆಫೀಸಿನ್ಯಾಗ ಫೋಟೋ ಹೊಡಿಯೂ ಮುಂದ ಆಕಿ ಹಣಿ ತುಂಬ ಭಂಡಾರ ಇತ್ರಿ. ಮಾರಿ ಚೊಕ್ಕ ಕಾಣಲಿ ಅಂತ ನಾನ ಒರಸ್ಕೋ ಅಂದ್ನಿ. ಸಣ್ಣ ಕುಂಕಮದ ಬೊಟ್ಟ ಒಂದ ಉಳೀತು, ಅದು ಪುಸ್ತಕದಾಗ ಮೂಡಲೇ ಇಲ್ಲ. ಪಾಸಪೋರ್ಟ್ ಬಂದ ದಿನ ತಗದ ನೋಡಿ ಸುಮ್ನಾದ್ಳು. ಯಾಕ ಅಂತ ನಾ ಕೇಳಲಿಲ್ಲ. ಕೇಳಬೇಕಿತ್ತು.”

ಹೊರಡುವ ದಿನ ನಸುಕಿನಲ್ಲಿ ಶೆಟ್ಟೆವ್ವ ಎಲ್ಲರಿಗಿಂತ ಮೊದಲು ಎದ್ದು ಸ್ನಾನ ಮಾಡಿ ಜಗಲಿಯ ಮುಂದೆ ಕೂತರು. ಪಾಸ್‌ಪೋರ್ಟ್ ಬಿಚ್ಚಿದರು. ಒಳಗೆ ಅವರದೇ ಮುಖ, ಹಣೆ ಬೋಳು. ಗಂಡ ಗಟ್ಟಿಮುಟ್ಟಾಗಿ ಪಕ್ಕದ ಕೋಣೆಯಲ್ಲಿದ್ದಾನೆ, ತಾನು ಬೋಳು ಹಣೆ ಇಟ್ಟುಕೊಂಡು ಮಗಳ ಬಾಣಂತನಕ್ಕೆ ಹೋಗುವುದೇ? ದೀಪದ ಎಣ್ಣೆಯಲ್ಲಿ ಬೆರಳು ಅದ್ದಿ, ಭಂಡಾರ ಕಲಸಿ, ಫೋಟೋದ ಹಣೆಗೆ ಹಚ್ಚಿದರು. ಪುಸ್ತಕ ಮುಚ್ಚಿ ಮೇಲೆ ತೆಂಗಿನಕಾಯಿ ಇಟ್ಟು ಕೈಮುಗಿದರು. ಅಷ್ಟು ಹೊತ್ತು ಎಣ್ಣೆ ಒಳಗೇ ಹರಡಿತು.

ಗೋವಾದಲ್ಲಿ ವಿಮಾನದ ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ಬಿಚ್ಚಿದಾಗ ಪುಟದ ಕೆಳಗಿನ ಸಾಲುಗಳ ತನಕ ಹಳದಿ ಇಳಿದಿತ್ತು. ಯಂತ್ರಕ್ಕೆ ಹಿಡಿದಳು, ಓದಲಿಲ್ಲ. ಇನ್ನೊಮ್ಮೆ ಹಿಡಿದಳು. ಅಷ್ಟರಲ್ಲಿ ಶೆಟ್ಟೆವ್ವ ಗಾಬರಿಯಾಗಿ, ಕೊಡು ಯವ್ವಾ ಒರೆಸಿಕೊಡುತ್ತೇನೆ ಎಂದು ಕಸಿದುಕೊಂಡು ನೀರಿನ ಬಾಟಲಿಯಿಂದ ಸೆರಗು ತೋಯಿಸಿ ತಿಕ್ಕಿದರು. ಪುಟದ ಮೇಲಿನ ತೆಳು ಹಾಳೆ ಮೂಲೆಯಲ್ಲಿ ಎದ್ದಿತು. ಹಾಳಾದ ಪಾಸ್‌ಪೋರ್ಟಿನ ಮೇಲೆ ಯಾವ ದೇಶವೂ ಒಳಗೆ ಬಿಡುವುದಿಲ್ಲ. ವೀಸಾ ಇದ್ದರೂ ಬಿಡುವುದಿಲ್ಲ. ಮೇಲಿನವರು ಬಂದು ಅದನ್ನೇ ಹೇಳಿದರು.

“ಅವರ ತಪ್ಪೇನಿಲ್ರಿ. ಆ ಹುಡಗಿ ಕಣ್ಣಾಗೂ ನೀರ ಬಂದಿತ್ತ. ನಾ ಕಾಜಿನ ಬಾಗಲದ ಹೊರಗ ನಿಂತಿದ್ನಿ. ನನ್ನ ಒಳಗ ಬಿಡತಿದ್ದಿಲ್ಲ. ಆಕಿ ಗಂಟ ಹೊತ್ಕೊಂಡ ವಾಪಸ್ ಬರೂದ ಕಂಡ್ನಿ. ಊರ ಮಂದೀದೆಲ್ಲಾ ಪುಟ ಪುಟ ತಿರವಿ ನೋಡಾಂವ ನಾ. ನಮ್ಮ ಮನೀದ ಒಂದ ನೋಡಲಿಲ್ಲ. ಜಗಲಿ ಮ್ಯಾಲಿಂದ ಆಕಿ ಕೊಟ್ಳು, ಹಂಗ ಚೀಲದಾಗ ಹಾಕಿದ್ನಿ.”

ಆ ಗಂಟಿನಲ್ಲಿ ಬಾಣಂತಿಗೆ ಅಂಟಿನುಂಡೆ ಇತ್ತು. ತನ್ನ ಹಳೆಯ ಇಳಕಲ್ ಸೀರೆ ಕತ್ತರಿಸಿ ಹೊಲಿದ, ಕೂಸಿನ ತಲೆಗೆ ಕಟ್ಟುವ ಕುಂಚಿಗೆ ಇತ್ತು. ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ವಾರದಲ್ಲೇ ದೀಪಾಳಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಎರಡು ದಿನ ಇದ್ದು ಹೋಯಿತು.

ಮಾಲಿಂಗಪ್ಪ ಚಹಾದ ಕಪ್ಪು ಬಾಕಿನ ಮೇಲಿಟ್ಟರು. ಚಹಾ ಹಾಗೇ ಇತ್ತು. ಇಷ್ಟು ವರ್ಷ ಪೇಪರಿಗೆ ಬರೆದವಳು, ನಾನು ಪುಸ್ತಕ ಪೆನ್ನು ಚೀಲದೊಳಗೆ ಹಾಕಿದೆ.

ಮೂರು ವಾರದ ನಂತರ ಮಸಗುಪ್ಪಿಗೆ ಹೋಗುತ್ತೇನೆ. ಮರುದಿನ ನಸುಕಿನಲ್ಲಿ ಉದ್ದಪ್ಪ, ಸಾತವ್ವ ಹೊರಡುವವರು. ಮಾಲಿಂಗಪ್ಪನವರ ಜೊತೆ ನಾನೂ ಹಿಡಕಲ್‌ಗೆ ಹೋಗಬೇಕು. ಮನೆಯಲ್ಲಿ ಕುರಿಮರಿಗಳ ಗದ್ದಲ. ಮಾಳು ಹಿಂಡು ಹೊಡೆದುಕೊಂಡು ಹೋಗಿದ್ದಾನೆ. ಒಲೆಯ ಮುಂದೆ ಶೆಟ್ಟೆವ್ವ ರೊಟ್ಟಿ ಬಡಿಯುತ್ತಿದ್ದಾರೆ. ಬಾರವ್ವ ಎಂದು ಮಣೆ ಹಾಕುತ್ತಾರೆ. ರೊಟ್ಟಿ ಬಡಿಯುವ ಸದ್ದಿನ ನಡುವೆ, ನಾನು ಕೇಳದೆಯೇ, ಮಾತು ಅಲ್ಲಿಗೇ ಬರುತ್ತದೆ.

“ನೀವ ಇದ್ರೂ ಕೂಸ ಉಳೀತಿದ್ದಿಲ್ಲ ಅಂತ ಡಾಕ್ಟರ ಹೇಳ್ಯಾರಂತವಾ. ಇರ್ಲಿ, ಖರೇ ಇರಬೇಕು. ನಾ ಇದ್ದಿದ್ರ ನನ್ನ ಮಗಳ ಒಬ್ಬಾಕೀನ ಅಳತಿದ್ದಿಲ್ಲಲ್ಲ. ಬಾಳೇಶಪ್ಪ ಏನ ಮಾಡ್ಯಾನ, ಗಂಡ ಹುಡಗ. ಕೂಸಿನ ಮಾರಿ ಫೋನಿನ್ಯಾಗ ತೋರ್ಸಿದ್ದ. ಮೂಗ ನಮ್ಮತ್ತೀದ ಇದ್ದಂಗಿತ್ತ. ಫೋನಿನ್ಯಾಗ ನೋಡಿದ್ದ ನೋಡಿದಂಗೇನ? ಎತ್ತಿ ಮೂಸಿ ನೋಡಲಿಲ್ಲ ನಾ.”

ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತದೆ. ಅವರು ತಿರುವಿ ಹಾಕುವುದಿಲ್ಲ. ನಾನೇ ಕೈ ಚಾಚಿ ತಿರುವುತ್ತೇನೆ.

ಮೊದಲು ಈ ಮನೆಯಲ್ಲಿ ಬೆಳಗಾದರೆ ಎಲ್ಲರ ಹಣೆಗೂ ಭಂಡಾರ ಹಚ್ಚುವವರು ಶೆಟ್ಟೆವ್ವ. ಗಂಡನಿಗೆ, ಮಗನಿಗೆ, ಹಿಂಡಿನ ಮುಂದಿನ ಟಗರಿಗೆ, ಗಂಡನ ಮೋಟಾರ್ ಸೈಕಲ್ಲಿನ ದೀಪಕ್ಕೆ. ಗೋವಾದಿಂದ ತಿರುಗಿ ಬಂದ ಮೇಲೆ ಅವರು ಭಂಡಾರದ ಬಟ್ಟಲು ಮುಟ್ಟಿಲ್ಲ. “ನನ್ನ ಕೈ ಚಲೋ ಅಲ್ಲವಾ,” ಎನ್ನುತ್ತಾರೆ. ಜಗಲಿಯ ಪೂಜೆ ಈಗ ಮಾಲಿಂಗಪ್ಪನವರ ಅಣ್ಣನ ಹೆಂಡತಿ ಮಾಡುತ್ತಾರೆ. ಮಾಳು ತಾನೇ ಹಚ್ಚಿಕೊಳ್ಳುತ್ತಾನೆ. ಮಾಲಿಂಗಪ್ಪ ಹಚ್ಚಿಕೊಳ್ಳುವುದಿಲ್ಲ. ಹೆಂಡತಿ ಹಚ್ಚುವ ತನಕ ಹಣೆ ಹಾಗೇ ಇರಲಿ ಎಂದು ಹಟ ಹಿಡಿದಿದ್ದಾರೆ. ಮಹರಾಯ, ಇಬ್ಬರಲ್ಲಿ ಯಾರಿಗೆ ಹೇಳಬೇಕು?

ದೀಪಾ ಈಗ ಮತ್ತೆ ಬಸುರಿ. ಆರು ತುಂಬಿದೆ. ಈ ಸಲ ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದಾರೆ, ಪ್ರಯಾಣ ಬೇಡ ಎಂದು. ಶೆಟ್ಟೆವ್ವನ ಹೊಸ ಪಾಸ್‌ಪೋರ್ಟ್ ಬಂದು ಟ್ರಂಕಿನಲ್ಲಿ ಕುಂಚಿಗೆಯ ಪಕ್ಕದಲ್ಲೇ ಮಲಗಿದೆ, ಒಂದು ಗೀರಿಲ್ಲದೆ. ವೀಸಾಕ್ಕೆ ಬೇಕಾದ ಉಳಿದ ಕಾಗದಗಳನ್ನೆಲ್ಲ ಗಜಾನನ ಜೋಡಿಸಿಟ್ಟು ಕೂತಿದ್ದಾರೆ. ಇಲ್ಲದ್ದು ಒಂದೇ, ಹೊಸದಾಗಿ ತೆಗೆದ ಫೋಟೋ. ಮಂದಿಯ ಫೋಟೋ ಇಲ್ಲದ ದಿನ ಬೆಳಗಾದರೆ ಮಾಲಿಂಗಪ್ಪ ಆ ಬಿಳಿ ಧೋತರವನ್ನು ತನ್ನ ಮನೆಯ ಗೋಡೆಗೇ ಕಟ್ಟಿ ಕುರ್ಚಿ ಹಾಕುತ್ತಾರೆ. ಶೆಟ್ಟೆವ್ವ ಕುರ್ಚಿಯ ಸುತ್ತ ಕಸ ಗುಡಿಸುತ್ತಾರೆ, ಕೂರುವುದಿಲ್ಲ. ಬಿಸಿಲು ಬಿದ್ದ ಮೇಲೆ ಮಾಲಿಂಗಪ್ಪ ಧೋತರ ಬಿಚ್ಚಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಕೊಳೆಯಾದರೆ ಅದನ್ನು ಒಗೆಯುವವರೂ ಶೆಟ್ಟೆವ್ವನೇ.

“ಬೈದಾದರೂ ಕೂಡಿಸ್ಬಾರದಾ?” ಎಂದು ಮಾಲಿಂಗಪ್ಪನವರನ್ನು ಕೇಳುತ್ತೇನೆ. ನನಗೆ ನಿಜಕ್ಕೂ ಸಿಟ್ಟು ಬಂದಿದೆ.

“ಮಂದಿ ಹೆಣಮಕ್ಕಳಿಗೆ ಸೆರಗ ಸರಸ್ರಿ ಅಂತ ಹೇಳಾಕ ಬಾಯಿ ಬರತೈತ್ರಿ. ಈಕಿಗೆ ಹೇಳಾಕ ಬರವಲ್ದು. ಒಮ್ಮೆ ಒರಸ್ಕೋ ಅಂದ್ನೆಲಾ, ಅದ ಸಾಕಾಗೇತಿ.”

ಮಧ್ಯಾಹ್ನ ಊಟದ ಹೊತ್ತಿಗೆ ಫೋನು. ದೀಪಾ. ಶೆಟ್ಟೆವ್ವನ ಕೈ ಹಿಟ್ಟಾಗಿದೆ ಎಂದು ಮಾಲಿಂಗಪ್ಪ ಸ್ಪೀಕರ್ ಹಾಕಿ ಹಿಡಿಯುತ್ತಾರೆ.

“ಅವ್ವಾ, ಉಂಡೇನ?”

“ಉಂಡ್ನಿ. ನೀ ಏನ ತಿಂದಿ? ಕಾಲ ಬಾತಾವೇನ ಮತ್ತ?”

“ಇಲ್ಲವಾ. ಫೋಟೋ ತಗಸಿದೇನ?”

ಶೆಟ್ಟೆವ್ವ ಬಾಗಿಲ ಕಡೆ ನೋಡುತ್ತಾರೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. “ಇಲ್ಲಿ ನಾಕ ದಿನದಿಂದ ಬರೇ ಮೋಡ ತಂಗೀ. ಬೆಳಕ ಇಲ್ಲಂತ ನಿಮ್ಮಪ್ಪ ಬಿಟ್ಟಾರ.”

“ಹೌದಾ? ಆತ ಬಿಡವಾ, ಮೋಡ ಹೋದ ಮ್ಯಾಲ ತಗಸು,” ಎನ್ನುತ್ತಾಳೆ ಮಗಳು. ನಂಬಿದವಳಲ್ಲ, ದನಿಯಲ್ಲೇ ಗೊತ್ತಾಗುತ್ತದೆ. ಊರಿನ ಮೋಡ, ಬಿಸಿಲಿನ ಲೆಕ್ಕವೆಲ್ಲ ಅವಳ ಮೊಬೈಲಿನಲ್ಲೇ ಕಾಣುತ್ತದಲ್ಲ. “ಅವ್ವಾ, ನನಗ ಹೆದರಿಕಿ ಆಕ್ಕೈತಿ. ನೀ ಬಂದ್ರ ಸಾಕ. ಏನೂ ತರಬ್ಯಾಡ, ಸುಮ್ನ ಬಾ.”

ಶೆಟ್ಟೆವ್ವ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಾರೆ. ಮಾಲಿಂಗಪ್ಪ ಫೋನಿಗೆ, “ಬರ್ತಾಳ ತಂಗೀ, ಬರ್ತಾಳ” ಎಂದು ಎರಡು ಸಲ ಹೇಳುತ್ತಾರೆ.

ಮರುದಿನ ನಸುಕು. ಕೋಳಿ ಆಗಲೇ ಕೂಗಿದೆ. ಅಂಗಳದ ಗೋಡೆಗೆ ಧೋತರ ಕಟ್ಟಿದೆ, ಅದರ ಮುಂದೆ ಕುರ್ಚಿ. ಇವತ್ತು ಬೆಳಕಿಗೆ ಕಾಯುವಷ್ಟು ಹೊತ್ತಿಲ್ಲ, ಹಿಡಕಲ್ ದೂರ. ಆದರೂ ಕಟ್ಟಿದ್ದಾರೆ. ಶೆಟ್ಟೆವ್ವ ಹೊಸ್ತಿಲ ಒಳಗೆ ನಿಂತು ಕುರ್ಚಿಯನ್ನು ನೋಡುತ್ತಿದ್ದಾರೆ. ಮಾಲಿಂಗಪ್ಪ ಗಾಡಿ ಹೊರಗೆ ತೆಗೆಯುತ್ತಾರೆ. ಇಂಥವರನ್ನು ಕೊನೆಗೆ ಕೇಳುವ ಪ್ರಶ್ನೆ ನನ್ನ ಹತ್ತಿರ ಒಂದಿರುತ್ತದೆ, ಕೇಳಿಬಿಡುತ್ತೇನೆ: ನೀವೂ ಒಮ್ಮೆ ವಿಮಾನ ಹತ್ತಬೇಕು, ಹೊರಗಿನ ದೇಶ ನೋಡಬೇಕು ಅಂತ ಆಸೆಯಿಲ್ಲವೇ?

“ನನಗ ಯಾ ದೇಶಾನೂ ಬ್ಯಾಡ್ರಿ ಬಾಯಾರ,” ಎಂದು ಅವರು ತಮ್ಮ ಖಾಲಿ ಹಣೆಯ ಮೇಲೆ ಅಂಗೈ ಆಡಿಸುತ್ತಾರೆ. ದನಿ ಬೇಕೆಂದೇ ಒಳಗೆ ಕೇಳುವಷ್ಟು ಎತ್ತರಿಸಿದ್ದಾರೆ. “ಆಕಿ ಕೈಲಿ ಇಲ್ಲಿ ಭಂಡಾರ ಹಚ್ಚಿಸ್ಕೊಂಡ ಒಂದಿನ ಮನಿ ಬಿಡಬೇಕು. ಆಕಿನ್ನ ಮಗಳ ಕಡೆ ಮುಟ್ಟಸಾಕ. ಅಷ್ಟ.”

ಹೊಸ್ತಿಲಲ್ಲಿ ಬಳೆಯ ಸದ್ದಾಗುತ್ತದೆ. ಶೆಟ್ಟೆವ್ವ ಹೊರಗೆ ಬಂದು ಕುರ್ಚಿಯ ಬೆನ್ನು ಹಿಡಿದು ನಿಲ್ಲುತ್ತಾರೆ. ಕೂರುವುದಿಲ್ಲ. ಅವರು ಗಂಡನ ಮುಖ ನೋಡದೆ, ಪೂರ್ವದ ಕಡೆ ತೆಳುವಾಗಿ ಹರಿಯುತ್ತಿರುವ ಬೆಳಕನ್ನು ನೋಡುತ್ತ ಹೇಳುತ್ತಾರೆ:

“ಹೊತ್ತಾತು, ಹೋಗ್ರಿ ಲಗೂನ. ಆ ಸಾತವ್ವ ಎದ್ದಿರತಾಳ. ದೀಪದ ಎಣ್ಣ್ಯಾಗ ಬೆರಳಗಿರಳ ಅದ್ದ್ಯಾಳು.”